ಕಡಲ ತಳದ ಕೆಸರು ಮರಳಿ ಕೊಡುವ ದ್ರವ್ಯ

ಕರಾವಳಿಯ ಹಿನ್ನೀರಿನ ಬದಿಯಲ್ಲಿ ತೆಂಗಿನ ಸಿಪ್ಪೆಗಳನ್ನು ಕೆಸರಿನಲ್ಲಿ ಹುಗಿದಿಟ್ಟು, ಹಲವು ತಿಂಗಳ ತರುವಾಯ ತೆಗೆದು ಬಡಿದು ನಾರು ಮಾಡುವದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಆ ಹೊಂಡದ ನೀರು ಕಷಾಯದಂತೆ ಕಂದುಬಣ್ಣಕ್ಕೆ ತಿರುಗಿ ನಾರುತ್ತಿರುವದು. ಸಿಪ್ಪೆಯ ಒಂದಂಶವು ಕೊಳೆತು ನೀರಿನಲ್ಲಿ ಕರಗಿದ್ದೇ ಇದಕ್ಕೆ ಕಾರಣವು. ಇದನ್ನು ಹೋಲುವ ಕಾರ್ಯವು ಸಮುದ್ರದ ತಳದಲ್ಲಿಯೂ ಎಡೆಬಿಡದೆ ನಡೆಯುತ್ತಿರುವದು. ನಮ್ಮ ಕಣ್ಣಿಗೆ ಬೀಳದು, ಅಷ್ಟೇ.

ಬೆಳಕು ಬೀಳುವ ಮೇಲ್ನೀರಿನಲ್ಲಿ ಹುಟ್ಟಿದ ಸೂಕ್ಷ್ಮ ಸಸ್ಯಗಳ ಅವಶೇಷಗಳೂ ಪ್ರಾಣಿಗಳ ಮಲವೂ ಕಳೇಬರಗಳೂ ಚೂರುಚೂರಾಗಿ ಕೆಳಗಿಳಿಯುವವು. ಬಹುಭಾಗವು ದಾರಿಯಲ್ಲಿಯೇ ತೀರಿಹೋಗಿ, ಮಿಕ್ಕದ್ದು ಕೆಸರನ್ನು ಸೇರುವದು. ಅಲ್ಲಿರುವ ಬ್ಯಾಕ್ಟೀರಿಯಗಳಿಗೆ ಬಾಯಿಯಿಲ್ಲ. ದೊಡ್ಡ ಅಣುಗಳನ್ನು ಒಳಗೆ ತೆಗೆದುಕೊಳ್ಳುವ ಶಕ್ತಿಯೂ ಇಲ್ಲ. ಆದಕಾರಣ ಅವು ಕಿಣ್ವಗಳನ್ನು ಹೊರಕ್ಕೆ ಸುರಿಸಿ, ಗಟ್ಟಿ ಪದಾರ್ಥವನ್ನು ಕತ್ತರಿಸಿ ಕರಗಿಸಿ, ಬಳಿಕ ಸಣ್ಣ ಅಣುಗಳನ್ನು ಹೀರುವವು. ಮೊದಲು ಅಡಿಗೆ, ಆಮೇಲೆ ಊಟ. ಆದರೆ ಅಟ್ಟದ್ದೆಲ್ಲವೂ ಉಣ್ಣಲ್ಪಡುವದಿಲ್ಲ. ಹೀಗೆ ಮಿಕ್ಕ ಪದಾರ್ಥಕ್ಕೆ ಕರಗಿದ ಸೇಂದ್ರಿಯ ದ್ರವ್ಯವೆಂದು ಹೆಸರು.

ಕೆಸರಿನ ಕಣಗಳ ನಡುವಿನ ನೀರಿನಲ್ಲಿ ಈ ದ್ರವ್ಯವು ಮೇಲಿನ ಕಡಲ ನೀರಿಗಿಂತ ಅನೇಕ ಪಾಲು ಹೆಚ್ಚಾಗಿರುವದು. ಹೆಚ್ಚಿದ್ದ ಕಡೆಯಿಂದ ಕಡಿಮೆಯಿದ್ದ ಕಡೆಗೆ ಹರಡುವದು ಕರಗಿದ ವಸ್ತುಗಳ ಸ್ವಭಾವವಾದ್ದರಿಂದ, ಅದು ಮೆಲ್ಲಗೆ ಮೇಲಕ್ಕೆ ಬರುವದು. ಬಿಲ ತೋಡುವ ಹುಳಗಳು ತಮ್ಮ ಬಿಲಗಳಿಗೆ ಹೊಸ ನೀರನ್ನು ಸೆಳೆದು ಹಳೆಯದನ್ನು ಹೊರದೂಡುವದರಿಂದ ಈ ಕೆಲಸವು ಇನ್ನೂ ಬೇಗ ಸಾಗುವದು. (ಹುಳಗಳನ್ನು ಹೇಸುವವರು ಇದನ್ನು ಗಮನಿಸಲಿ!) ಆಮ್ಲಜನಕವು ಇಲ್ಲದಲ್ಲಿ ಹುಳಗಳು ಬಾಳಲಾರವು, ಆಗ ದ್ರವ್ಯವು ಕೆಸರಿನೊಳಗೇ ಕೂಡಿಕೊಳ್ಳುತ್ತ, ಆಳಕ್ಕೆ ಹೋದಂತೆ ಹೆಚ್ಚುವದು. ನಮ್ಮ ಪಡುವಣ ತೀರದ ಎದುರಿನ ಕಡಲಿನಲ್ಲಿ ಮಳೆಗಾಲದ ಹೊತ್ತಿಗೆ ಆಮ್ಲಜನಕ ಕಡಿಮೆಯಾದ ತಣ್ಣೀರು ಕೆಳಗಿನಿಂದ ಏರಿ ಬರುವದುಂಟು. ೧೯೯೯ರಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ವಾಯುವು ಸಹ ಅಲ್ಲಿ ಕಂಡುಬಂದಿತು.

ಇದನ್ನು ಅಳೆಯುವದು ಹೇಗೆ? ತಳವಿಲ್ಲದ ಒಂದು ಪೆಟ್ಟಿಗೆಯನ್ನು ಇಳಿಸಿ ಕೆಸರಿನ ಮೇಲೆ ಬೋರಲಾಗಿಟ್ಟು, ಒಳಗಿನ ನೀರನ್ನು ಹೊತ್ತುಹೊತ್ತಿಗೆ ತೆಗೆದು ಪರೀಕ್ಷಿಸುವರು. ಇಲ್ಲವೆ ಕೊಳವೆಯಿಂದ ಕೆಸರನ್ನೇ ಎತ್ತಿ, ಬಿಲ್ಲೆಬಿಲ್ಲೆಯಾಗಿ ಕೊಯ್ದು, ವೇಗವಾಗಿ ತಿರುಗುವ ಯಂತ್ರದಲ್ಲಿಟ್ಟು ನೀರನ್ನು ಬೇರ್ಪಡಿಸುವರು. ೧೯೯೨ರಲ್ಲಿ ಅಮೇರಿಕೆಯ ಬರ್ಡಿಜ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಇಂಥ ಅಳತೆಗಳನ್ನು ಕೂಡಿಸಿ ನೋಡಿ, ಕರಾವಳಿಗಳ ಕೆಸರು ಹೊರಬಿಡುವ ದ್ರವ್ಯವು ಲೋಕದ ನದಿಗಳೆಲ್ಲವೂ ಕಡಲಿಗೆ ತರುವ ಕರಗಿದ ಸೇಂದ್ರಿಯ ದ್ರವ್ಯಕ್ಕೆ ಸರಿಗಟ್ಟಬಲ್ಲದೆಂದು ತೋರಿಸಿದರು. ನದಿಗಳು ತರುವದು ಇಂಗಾಲದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ೨೫ ಕೋಟಿ ಟನ್ನು. ಕೆಸರನ್ನು ಬರಿಯ ಗೋರಿಯೆಂದು ಭಾವಿಸಿದವರಿಗೆ ಇದು ಆಶ್ಚರ್ಯವಲ್ಲವೇ?

ಈ ಲೆಕ್ಕದಿಂದ ಪ್ರಯೋಜನವೇನೆಂದು ಕೇಳಬಹುದು. ಸಮುದ್ರಗಳಲ್ಲಿ ಕರಗಿರುವ ಸೇಂದ್ರಿಯ ಇಂಗಾಲವು ಸುಮಾರು ೬೬,೦೦೦ ಕೋಟಿ ಟನ್ನು. ವಾಯುಮಂಡಲದ ಇಂಗಾಲಾಮ್ಲ ವಾಯುವಿನಲ್ಲಿರುವ ಇಂಗಾಲಕ್ಕೆ ಹೋಲಿಸತಕ್ಕಷ್ಟು. ಇದರಲ್ಲಿ ಸ್ವಲ್ಪಾಂಶವು ಒಡೆದು ಗಾಳಿಗೆ ಸೇರಿದರೂ ಭೂಮಿಯ ಶಾಖದ ಮೇಲೆ ಪರಿಣಾಮವಾಗದಿರದು. ಆದರೆ ೧೯೮೭ರಲ್ಲಿ ವಿಲಿಯಮ್ಸ್ ಮತ್ತು ಡ್ರಫೆಲ್ ಎಂಬವರು ಶಾಂತಸಾಗರದ ಆಳದ ನೀರನ್ನು ಪರೀಕ್ಷಿಸಿದಾಗ, ಅಲ್ಲಿಯ ಕರಗಿದ ದ್ರವ್ಯದ ಸರಾಸರಿ ವಯಸ್ಸು ಸುಮಾರು ೬,೦೦೦ ವರ್ಷವೆಂದು ಕಂಡಿತು. ಆಳದ ನೀರು ಲೋಕವನ್ನು ಒಂದು ಸಾರಿ ಸುತ್ತಿಬರಲು ಸುಮಾರು ೧,೦೦೦ ವರ್ಷ ಸಾಕು. ಹಾಗಾದರೆ ಈ ದ್ರವ್ಯವು ಅನೇಕ ಸುತ್ತು ತಿರುಗಿಯೂ ಯಾವ ಜೀವಿಗೂ ಆಹಾರವಾಗದೆ ಉಳಿದಿದೆ.

ಈ ಹಟಮಾರಿ ಅಂಶಕ್ಕೆ ಕೆಸರು ಎಷ್ಟು ಕೂಡಿಸುತ್ತದೆಂಬದೇ ಈಗಿನ ಪ್ರಶ್ನೆ. ಕೆಸರಿನಿಂದ ಹೊರಟದ್ದರಲ್ಲಿ ಒಂದು ಭಾಗವನ್ನು ನೀರಿನ ಬ್ಯಾಕ್ಟೀರಿಯಗಳು ಬೇಗನೆ ತಿಂದು ತೀರಿಸುವವು. ಪೆಟ್ಟಿಗೆಯಾದರೋ ಕೆಲವು ದಿನ ಮಾತ್ರ ತಳದಲ್ಲಿರುವದು. ಸಾವಿರಾರು ವರ್ಷ ಬಾಳುವದರ ಗುರುತು ಅಷ್ಟರಲ್ಲಿ ತಿಳಿಯದು. ಆದ್ದರಿಂದಲೇ ಕ್ಯಾಲಿಫೋರ್ನಿಯದ ಎದುರಿನ ಕಡಲ ತಗ್ಗುಗಳಲ್ಲಿ ಕೆಸರಿನ ನೀರನ್ನು ಎತ್ತಿ, ಅದರ ಇಂಗಾಲದ ವಯಸ್ಸನ್ನೇ ನೇರವಾಗಿ ಅಳೆಯುವ ಕೆಲಸವನ್ನು ವಿದ್ವಾಂಸರು ಕೈಕೊಂಡಿದ್ದಾರೆ.