ಗೊದ್ದದ ಕುಲಗೋತ್ರ

ಕನ್ನಡನಾಡಿನಲ್ಲಿ ಗೊದ್ದವೆಂದೂ ಕಟ್ಟಿರುವೆಯೆಂದೂ ಕರೆಯಲ್ಪಡುವ ದೊಡ್ಡ ಕರಿಯ ಇರುವೆಯೇ ಮುಂಬಯಿ, ಪುಣೆಗಳ ಮುಂಗಳಾ, ಚೆನ್ನೈಯ ಕಟ್ಟೆರುಂಬು, ಹೈದರಾಬಾದಿನ ಗಂಡುಚೀಮ, ದೆಹಲಿಯ ಮಕೋಡಾ. ವಿಜ್ಞಾನಿಗಳಿಗೆ ಮಾತ್ರ ಇದು ಎಲ್ಲೆಡೆಯೂ ಕ್ಯಾಂಪೊನೋಟಸ್ ಕಂಪ್ರೆಸಸ್. ಬಡಗಿ ಇರುವೆಗಳ ಕುಲಕ್ಕೆ ಸೇರಿದುದು.

ಡೆನ್ಮಾರ್ಕಿನ ಕೀಟಶಾಸ್ತ್ರಜ್ಞ ಫ್ಯಾಬ್ರಿಸಿಯಸ್ 1787ರಲ್ಲಿ ಇದನ್ನು ವರ್ಣಿಸಿದಾಗ ಇರುವೆಗಳೆಲ್ಲ ಫಾರ್ಮಿಕ ಎಂಬ ಒಂದೇ ಕುಲದಲ್ಲಿದ್ದವು. 1861ರಲ್ಲಿ ಆಸ್ಟ್ರಿಯದ ಮಾಯರ್ ಬಡಗಿ ಇರುವೆಗಳ ಕುಲವನ್ನು ಬೇರ್ಪಡಿಸಿದನು. ಇಂದು ಅದರಲ್ಲಿ ಸಾವಿರಕ್ಕೂ ಮಿಕ್ಕಿ ಪ್ರಭೇದಗಳಿವೆ.

ತೊಡಕು ಆರಂಭವಾದುದು ಅನಂತರವೇ. ಸ್ವಿಟ್ಜರ್ಲೆಂಡಿನ ಅಗಸ್ಟ್ ಫೊರೆಲ್, ವೃತ್ತಿಯಿಂದ ಮನೋವೈದ್ಯ, ನಮ್ಮ ಗೊದ್ದವನ್ನು ಆಫ್ರಿಕದ ಮಕುಲೇಟಸ್ ಎಂಬ ಪ್ರಭೇದದ ಒಂದು ಉಪಪಂಗಡವೆಂದು ಬರೆದನು. ಯಾರದೋ ಖಾತೆಯಲ್ಲಿ ಉಪಖಾತೆಯಾದಂತೆ! ಅವನಿಗೆ ಭಾರತದ ಮಾದರಿಗಳನ್ನು ಕಳುಹಿಸಿದವರಲ್ಲಿ ಮುಂಬಯಿ ಪ್ರಾಂತದ ಅರಣ್ಯಾಧಿಕಾರಿ ರಾಟನ್ ಮುಖ್ಯನು. ಉತ್ತರ ಕನ್ನಡದ ಕಾಡುಗಳ ಇರುವೆಗಳೂ ಹೀಗೆ ಯುರೋಪು ಸೇರಿದವು.

ಫೊರೆಲ್‌ನ ಗೊಂದಲಕ್ಕೆ ಕಾರಣವಿಲ್ಲದಿಲ್ಲ. ಒಂದೇ ಗೂಡಿನ ಕೆಲಸಗಾರ ಇರುವೆಗಳಲ್ಲಿ ಸಣ್ಣವೂ ಇರುತ್ತವೆ, ಅವುಗಳ ಎರಡರಷ್ಟು ಉದ್ದದ, ದಪ್ಪ ತಲೆಯವೂ ಇರುತ್ತವೆ. ಪೆಟ್ಟಿಗೆಯಲ್ಲಿ ಬಂದ ನಾಲ್ಕಾರು ಒಣ ಇರುವೆಗಳಿಂದ ಸಂಬಂಧವನ್ನು ನಿರ್ಣಯಿಸುವುದು ಸುಲಭವಲ್ಲ. ಆದರೆ ಉಪಪ್ರಭೇದವೆನಿಸಬೇಕಾದರೆ ಅದಕ್ಕೆ ತನ್ನದೇ ಆದ ಪ್ರದೇಶವಿರಬೇಕು. ಗಡಿಯಲ್ಲಿ ನೆರೆಯವುಗಳೊಡನೆ ಬೆರೆಯಬೇಕು. ಮಕುಲೇಟಸ್ಸಿನ ಉಪಪಂಗಡಗಳೆಂದೇ ಎಣಿಸಲ್ಪಟ್ಟಿದ್ದ ಕರಿಯ ಕಂಪ್ರೆಸಸ್ಸೂ ಕಂದುಹಳದಿಯ ಮೈಟಿಸ್ಸೂ ಭಾರತದಲ್ಲಿ ಒಂದೇ ಸೀಮೆಯಲ್ಲಿ ಬೆರೆಯದೆ ಬಾಳುತ್ತವೆ. ಅಂದಮೇಲೆ ಅವು ಬೇರೆಬೇರೆ ಪ್ರಭೇದಗಳೇ. 1903ರಲ್ಲಿ ಬಿಂಗ್‌ಹ್ಯಾಮ್ ತನ್ನ ಗ್ರಂಥದಲ್ಲಿ ಇವನ್ನು ಸ್ವತಂತ್ರವಾಗಿಯೇ ನಮೂದಿಸಿದನು. ಇಂದಿನ ಮತವೂ ಅದೇ. ಭಾರತದಾದ್ಯಂತ, ಶ್ರೀಲಂಕೆ, ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿಯೂ ಕಂಪ್ರೆಸಸ್ ಕಾಣಸಿಗುತ್ತದೆ.

ಈ ವಿಚಾರ ಗೃಹಸ್ಥನಿಗೇಕೆ ಎನ್ನಬಾರದು. ಬಡಗಿಯೆಂಬ ಹೆಸರು ಕೇಳಿಯೇ ಮರದ ಸಾಮಾನಿಗೆ ಹೆದರಿ ವಿಷ ಚೆಲ್ಲುವವರಿದ್ದಾರೆ. ಅಮೆರಿಕದ ಬಡಗಿ ಇರುವೆ ಮನೆಯ ತೊಲೆಯನ್ನು ಕೊರೆಯುವುದು ನಿಜ. ನಮ್ಮ ಗೊದ್ದ ಸಾಮಾನ್ಯವಾಗಿ ಮರದ ಬುಡದ ಮಣ್ಣಿನಲ್ಲಿ ಗೂಡು ಕಟ್ಟುತ್ತದೆ, ಮನೆಯೊಳಕ್ಕೆ ಬರುವುದು ಸಿಹಿಗಾಗಿ. ಕಪಾಟಿನಿಂದ ಹುಡಿ ಉದುರಿದರೆ ಗೆದ್ದಲನ್ನೋ ಕುಟ್ಟೆಹುಳುವನ್ನೋ ಶಂಕಿಸಬೇಕು. ಇದಕ್ಕೆ ಕೊಂಡಿಯಿಲ್ಲ, ಕಚ್ಚಿ, ಗಾಯಕ್ಕೆ ಫಾರ್ಮಿಕ್ ಆಮ್ಲವನ್ನು ಸಿಂಪಡಿಸುತ್ತದೆ. ಸಾಬೂನು ನೀರಿನಿಂದ ತೊಳೆದರೆ ಸಾಮಾನ್ಯವಾಗಿ ಸಾಕು. ಕಣ್ಣಿಗೆ ಸಿಡಿದರೆ ಧಾರಾಳವಾಗಿ ತಣ್ಣೀರು ಹಾಕಿ ವೈದ್ಯರಿಗೆ ತೋರಿಸಬೇಕು. ಮೋರಿಯಲ್ಲಿ ಓಡಾಡಿದ ಕಾಲುಗಳು ರೋಗಾಣುಗಳನ್ನು ಹೊತ್ತು ತರಬಹುದಾದ್ದರಿಂದ ಅನ್ನ, ಹಾಲು, ಸಕ್ಕರೆಗಳನ್ನು ಮುಚ್ಚಿಡುವುದು ಅವಶ್ಯ. ಅಡಿಗೆಮನೆಯ ಕಟ್ಟೆಯ ಮೇಲೆ ವಿಷದ ಸೀಮೆಸುಣ್ಣದಿಂದ ಗೆರೆ ಎಳೆಯುವ ಅಭ್ಯಾಸವಂತೂ ಅಂಬೆಗಾಲಿಡುವ ಮಕ್ಕಳಿರುವಲ್ಲಿ ಇರುವೆಗಿಂತ ಹೆಚ್ಚು ಅಪಾಯಕರ.