ಕೈಗೆ ಕಸುಬು, ಕಣ್ಣಿಗೆ ಅಕ್ಷರ

ನಂಜನಗೂಡು, ಟಿ. ನರಸೀಪುರ ಅಕ್ಕಪಕ್ಕದ ತಾಲ್ಲೂಕುಗಳು. ಎರಡರಲ್ಲೂ ಕಪಿಲೆ ಹರಿಯುತ್ತಾಳೆ. ಟಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ನೀರಿದೆ, ಗದ್ದೆ ಇದೆ. ನಾಟಿ ಹಾಕುವುದು, ಕಳೆ ಕೀಳುವುದು ಹೆಂಗಸರೇ. ಆದರೆ ಈ ಕೂಲಿ ವರ್ಷವೆಲ್ಲಾ ಸಿಗೋದಿಲ್ಲ.

ಬೇರೆ ಕೆಲಸಗಳೂ ಹತ್ತಿರವೇ ಇವೆ. ನಂಜನಗೂಡಿನಲ್ಲಿ ಕೈಗಾರಿಕಾ ಪ್ರದೇಶ ಇದೆ. ಟಿ. ನರಸೀಪುರದಲ್ಲಿ ಸರ್ಕಾರದ ರೇಷ್ಮೆ ನೂಲಿನ ಕಾರ್ಖಾನೆ ಇದೆ. ಅಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ಆ ನೂಲು ಮೈಸೂರಿನ ನೇಯ್ಗೆ ಕಾರ್ಖಾನೆಗೆ ಹೋಗುತ್ತೆ. ಅದು 1912ರಲ್ಲಿ ಶುರುವಾದ ಕಾರ್ಖಾನೆ. ಅಲ್ಲಿ ನೂಲು ಮೈಸೂರು ರೇಷ್ಮೆ ಸೀರೆಯಾಗುತ್ತೆ.

ಇಂಥ ಕೆಲಸಕ್ಕೆ ಕಸುಬು ಕಲಿತಿರಬೇಕು. ಅಕ್ಷರವೂ ಬೇಕು. ಯಾಕೆ? ಈ ತಾಯಿ ಮಗಳ ಮಾತು ಓದಿ.

ಮಗಳು: ಅವ್ವ, ಎಸ್ಸೆಸ್ಸೆಲ್ಸಿ ಫೇಲಾಯ್ತು. ನಾಳೆಯಿಂದ ಕೂಲಿಗೆ ಹೋಯ್ತೀನಿ.

ತಾಯಿ: ಅಳಬ್ಯಾಡ ಕಣವ್ವ. ಫೇಲಾದ ವಿಷಯ ಮತ್ತೆ ಕಟ್ಟಬಹುದು.

ಮಗಳು: ಮತ್ತೂ ಫೇಲಾದ್ರೆ?

ತಾಯಿ: ಐಟಿಐ ಅಂತ ಇದೆ. ಅಲ್ಲಿ ಕಸುಬು ಕಲಿಸ್ತಾರೆ. ಹೊಲಿಗೆಯಂಥ ಕೆಲವು ಕಸುಬಿಗೆ ಎಂಟನೇ ಕ್ಲಾಸು ಪಾಸಾದ್ರೂ ಸಾಕು. ಅದು ಒಂದು ವರ್ಷದ ಕಲಿಕೆ. ಫಿಟ್ಟರ್, ಎಲೆಕ್ಟ್ರಿಷಿಯನ್ ಆಗೋಕೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಅದಕ್ಕೆ ಎರಡು ವರ್ಷ. ಹೆಣ್ಣುಮಕ್ಕಳೂ ಸೇರಬಹುದು.

ಮಗಳು: ನಿಂಗೆ ಇದೆಲ್ಲಾ ಹೆಂಗೆ ಗೊತ್ತು?

ತಾಯಿ: ಪಂಚಾಯ್ತಿ ಗೋಡೆ ಮೇಲೆ ಅಂಟಿಸಿದ್ರು. ನಾನೇ ನಿಂತು ಓದ್ದೆ! ಹಿಂದೆ ಮೇಸ್ತ್ರಿ ತಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದೆ. ಕೂಲಿ ಎಷ್ಟು ಅಂತ ಬರೆದಿದ್ರೋ ಇವತ್ತಿಗೂ ಗೊತ್ತಿಲ್ಲ. ನಿಂಗೆ ಹಂಗಾಗಬಾರದು.

ಮಗಳು ಸುಮ್ಮನಾದಳು. ಆಮೇಲೆ ಗಣಿತದ ಪುಸ್ತಕ ಹುಡುಕಿ ತೆಗೆದಳು.

ನೆನಪಿಡಿ

ಕೆಲಸಕ್ಕೆ ಸೇರಿದರೆ ಸಂಬಳದ ಚೀಟಿ ಕೇಳಿ ಪಡೆಯಿರಿ. ಅದರಲ್ಲಿ ಮೂರು ವಿಷಯ ನೋಡಿ.

1. ಎಷ್ಟು ದಿನದ ಹಾಜರಿ ಬರೆದಿದ್ದಾರೆ?
2. ಹೆಚ್ಚು ಹೊತ್ತು ದುಡಿದದ್ದಕ್ಕೆ ಹಣ ಸೇರಿದೆಯೇ?
3. ಪಿ.ಎಫ್. ಎಷ್ಟು ಹಿಡಿದಿದ್ದಾರೆ?

ಪಿ.ಎಫ್. ಎಂದರೆ ಭವಿಷ್ಯನಿಧಿ. ಮೂಲ ಸಂಬಳ, ತುಟ್ಟಿಭತ್ಯೆ ಸೇರಿಸಿ, ಸಾಮಾನ್ಯವಾಗಿ 100 ರೂಪಾಯಿಗೆ 12 ರೂಪಾಯಿ ಹಿಡಿಯುತ್ತಾರೆ. ಮಾಲೀಕರೂ ಅಷ್ಟೇ ಹಣ ಹಾಕಬೇಕು. ಅದು ನಿಮ್ಮದೇ ದುಡ್ಡು. ನಿಮ್ಮ ಪಿ.ಎಫ್. ನಂಬರ್ ಬರೆದಿಟ್ಟುಕೊಳ್ಳಿ. ಖಾಲಿ ಕಾಗದಕ್ಕೆ ಮಾತ್ರ ಎಂದೂ ಸಹಿ ಹಾಕಬೇಡಿ.

ಓದಿ, ಬರೆಯಿರಿ

ಕಸುಬು, ಹಾಜರಿ, ಸಂಬಳ, ಚೀಟಿ, ಸಹಿ

ಲೆಕ್ಕ ಮಾಡಿ

ಮೂಲ ಸಂಬಳ, ತುಟ್ಟಿಭತ್ಯೆ ಸೇರಿ 10,000 ರೂಪಾಯಿ. ಹಿಡಿಯುವ ಪಿ.ಎಫ್. ಎಷ್ಟು?

ಮಾತಾಡೋಣ

ನಿಮ್ಮ ಊರಲ್ಲಿ ಓದು ಬಿಟ್ಟ ಹೆಣ್ಣುಮಕ್ಕಳು ಯಾರಿದ್ದಾರೆ? ಅವರಿಗೆ ನೀವು ಏನು ಹೇಳುತ್ತೀರಿ?