ಹೆಸರಿನಿಂದ ಅಂಕಿಗೆ

ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ. ಕಂಪ್ಯೂಟರ್ ಕೊಠಡಿಯಲ್ಲಿ ಅರ್ಜಿಯ ತಾಣವು ಏನು ಮಾಡಿದರೂ ತೆರೆಯಲೊಲ್ಲದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ; ಆ ಹಣ ಬಾರದಿದ್ದರೆ ಪರೀಕ್ಷಾ ಶುಲ್ಕಕ್ಕೆ ಅಪ್ಪ ಸಾಲ ಮಾಡಬೇಕಾಗಿದ್ದಿತು. ಅಂದು ಪಟ್ಟ ಪಾಡಿನಿಂದ ಕಲಿತುದನ್ನು ಸಹಪಾಠಿಗಳ ಮುಂದಿಡುತ್ತೇನೆ. ತಪ್ಪಿದ್ದಲ್ಲಿ ಗುರುಗಳು ತಿದ್ದಬೇಕು.

ನಮ್ಮ ಹೊಲವನ್ನು ನಾವು 'ಹುಣಿಸೇಮರದ ಹೊಲ' ಎನ್ನುತ್ತೇವೆ. ದಫ್ತರದಲ್ಲಿ ಅದಕ್ಕಿರುವುದು ಸರ್ವೆ ನಂಬರು. ಅಂತರ್ಜಾಲದಲ್ಲಿಯೂ ಹೀಗೆಯೇ. ನಾವು ಹೆಸರು ಹೇಳುತ್ತೇವೆ, ಯಂತ್ರಗಳಿಗೆ ಬೇಕಾದುದು ಅಂಕಿ. ಮೊದಲು ಈ ಹೆಸರುಗಳ ಪಟ್ಟಿಯೆಲ್ಲ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿದ್ದ ಒಂದೇ ಕಡತದಲ್ಲಿತ್ತು. ಯಂತ್ರಗಳು ಹೆಚ್ಚಿದಂತೆ ಅದು ಸಾಲದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ಡಿಎನ್‌ಎಸ್ ಎಂಬ ಹಂಚಿಕೆಯ ವ್ಯವಸ್ಥೆಯನ್ನು ರೂಪಿಸಿದರು.

ನಮ್ಮ ಕೊಠಡಿಯ ಯಂತ್ರಗಳು ನೇರವಾಗಿ ಹೊರಗೆ ಹೋಗವು. ನಡುವೆ 'ಸ್ಕ್ವಿಡ್' ಎಂಬ ಪ್ರಾಕ್ಸಿ ಇದೆ. ನನ್ನ ತಪ್ಪು ನಡೆದುದು ಇಲ್ಲಿಯೇ. ಎರಡು ಗಂಟೆಗಳ ಕಾಲ ನನ್ನ ಮೇಜಿನ ಯಂತ್ರದ ಡಿಎನ್‌ಎಸ್ ಅಂಕಿಗಳನ್ನು ಬದಲಿಸುತ್ತಲೇ ಕುಳಿತೆ. ಸಂತೆಗೆ ಹೋಗುವವನ ಕೈಗೆ ಚೀಟಿ ಕೊಟ್ಟ ಮೇಲೆ ಅಂಗಡಿ ಎಲ್ಲಿದೆಯೆಂದು ವಿಚಾರಿಸಬೇಕಾದವನು ಅವನೇ ಅಲ್ಲವೆ? ಬ್ರೌಸರು ಹೆಸರನ್ನು ಹಾಗೆಯೇ ಪ್ರಾಕ್ಸಿಗೆ ಒಪ್ಪಿಸುತ್ತದೆ. ಅಂಕಿಯನ್ನು ಕೇಳಿ ತರುವುದು ಪ್ರಾಕ್ಸಿಯ ಹೊಣೆ. ನನ್ನ ಯಂತ್ರದಲ್ಲಿ ಏನು ಬರೆದರೂ ವ್ಯರ್ಥ.

ಆದರೆ ಕೊಠಡಿಯ ಅಣ್ಣನವರು ಪ್ರಾಕ್ಸಿ ಯಂತ್ರದಲ್ಲಿಯೇ ಹೆಸರು ಕೇಳಿ ನೋಡಿದಾಗ ಉತ್ತರ ಸರಿಯಾಗಿ ಬಂದಿತು! ಇದೇ ಎಲ್ಲಕ್ಕಿಂತ ಸೋಜಿಗ. ಕಾರಣವಿಷ್ಟೆ: ಸ್ಕ್ವಿಡ್ ಸಾಮಾನ್ಯವಾಗಿ ಯಂತ್ರದ 'ರಿಸಾಲ್ವ್.ಕಾನ್ಫ್' ಕಡತದಲ್ಲಿರುವ ಹೆಸರು ಸರ್ವರುಗಳನ್ನೇ ಕೇಳುತ್ತದೆ. ಅದರ ಸ್ವಂತ 'ಸ್ಕ್ವಿಡ್.ಕಾನ್ಫ್' ಕಡತದಲ್ಲಿ 'ಡಿಎನ್‌ಎಸ್_ನೇಮ್‌ಸರ್ವರ್ಸ್' ಎಂಬ ಸಾಲಿದ್ದರೆ ಮಾತ್ರ ಮೊದಲಿನದನ್ನು ಬಿಟ್ಟು ಈ ಸಾಲನ್ನೇ ನಂಬುತ್ತದೆ. ಹಿಂದೆ ಯಾರೋ ಬರೆದಿಟ್ಟ ಆ ಸಾಲು, ನಿಂತುಹೋದ ಹಳೆಯ ಸರ್ವರನ್ನು ತೋರಿಸುತ್ತಿದ್ದಿತು. ಪ್ರತಿ ಸಲವೂ ಅರ್ಧ ನಿಮಿಷ ಕಾದು ಸೋಲುತ್ತಿದ್ದುದೂ ಇದರಿಂದಲೇ. ಉತ್ತರಕ್ಕಾಗಿ ಕಾಯುವ ಅವಧಿ, ನಾವು ಬದಲಿಸದಿದ್ದರೆ, 30 ಸೆಕೆಂಡು.

ಬೆಳಿಗ್ಗೆ ನೋಡಿದ್ದ ಒಂದೆರಡು ತಾಣಗಳು ಮಧ್ಯಾಹ್ನವೂ ತೆರೆಯುತ್ತಿದ್ದುದು ನಮ್ಮನ್ನು ಇನ್ನಷ್ಟು ದಾರಿ ತಪ್ಪಿಸಿತು. ದೊರೆತ ಅಂಕಿಯನ್ನು ಸ್ಕ್ವಿಡ್ ಹೆಚ್ಚೆಂದರೆ 6 ಗಂಟೆ ನೆನಪಿಡುತ್ತದೆ. ದೊರೆಯಲಿಲ್ಲವೆಂಬುದನ್ನು 1 ನಿಮಿಷ. ಈ ಎರಡನೆಯದನ್ನು ಹೆಚ್ಚಿಸುವುದು ನನ್ನ ಮಟ್ಟಿಗೆ ಅವಿವೇಕ. ಸರ್ವರು ಸರಿಹೋದ ಮೇಲೂ ಪ್ರಾಕ್ಸಿ 'ಇಲ್ಲ' ಎನ್ನುತ್ತಲೇ ಇರುತ್ತದೆ.

ಅಣ್ಣನವರು ಆ ಸಾಲನ್ನು ಅಳಿಸಿದರು. 'ಸ್ಕ್ವಿಡ್ -ಕೆ ಪಾರ್ಸ್' ಎಂದು ಬರೆದು ಕಡತದಲ್ಲಿ ತಪ್ಪಿಲ್ಲವೆಂದು ನೋಡಿಕೊಂಡು, 'ಸ್ಕ್ವಿಡ್ -ಕೆ ರೀಕಾನ್ಫಿಗರ್' ಎಂದು ಅದನ್ನು ಮತ್ತೆ ಓದಿಸಿದರು. ತಾಣ ತೆರೆಯಿತು. ಆಗ ಸಂಜೆ ನಾಲ್ಕು ಗಂಟೆ. ಸಾಲಿನಲ್ಲಿ ನಿಂತಿದ್ದವರೆಲ್ಲ ಅರ್ಜಿ ಸಲ್ಲಿಸಿದೆವು. ಇನ್ನು ತೆರೆಯದೆಂದು ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೊರಟುಹೋಗಿದ್ದ ನಮ್ಮ ತರಗತಿಯ ಒಬ್ಬಳ ಅರ್ಜಿ ಮಾತ್ರ ಉಳಿದುಹೋಯಿತು.